ಏಳನೆಯ ಅಕ್ಷರ

ಕೆಳಗಿಳಿದ ಶಕೆ ಇನ್ನೂರ ಹದಿನಾಲ್ಕು, ಹಬೆ ತಿಂಗಳು, ಕೈತುತ್ತಿನ ಹಬ್ಬದ ಹಿಂದಿನ ದಿನ.

ಮೇಲೆ ಬದುಕಿದ್ದ ಹಿರಿಯರಿಗೆ,

ಹಾಸ್ಟೆಲಿನ ಮೊದಲ ವರ್ಷದ ಯಂಕಮ್ಮ ಮಾಡುವ ನಮಸ್ಕಾರಗಳು. ನಾನು ಇದನ್ನು ಬರೆಯುವ ಹೊತ್ತಿಗೆ ನೀವೆಲ್ಲ ತೀರಿಕೊಂಡು ಬಹಳ ಕಾಲವಾಗಿದೆ, ಸಾರಿ, ಹೀಗೆ ಶುರು ಮಾಡಬಾರದಿತ್ತು. ನೀವು ಓದುವ ಹೊತ್ತಿಗೆ ನಾನಿನ್ನೂ ಹುಟ್ಟಿರುವುದಿಲ್ಲ, ಆದ್ದರಿಂದ ಇಬ್ಬರೂ ಸಮ ಅಂದುಕೊಳ್ಳಿ. ನನ್ನದು ಹಾಸ್ಟೆಲ್ ಕನ್ನಡ. ಅರ್ಧ ಇಂಗ್ಲಿಷು, ಅರ್ಧ ಅಮ್ಮನ ಓಣಿಯ ಮಾತು, ಮಧ್ಯೆ ಮೇಡಂ ತಿದ್ದಿದ ವ್ಯಾಕರಣ. ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅವು ಬಂದಲ್ಲೇ ಅರ್ಥ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ಪತ್ರ ನಮ್ಮಲ್ಲಿ ಒಂದು ಪದ್ಧತಿ. ಮೊದಲ ವರ್ಷದಲ್ಲಿ ಫಸ್ಟ್ ರ್‍ಯಾಂಕ್ ಬಂದವರು ಹಿರಿಯರಿಗೆ ಥ್ಯಾಂಕ್ಸ್ ಹೇಳಿ ಪತ್ರ ಬರೆಯಬೇಕು. ಅದನ್ನು ಡಬ್ಬಿಯಲ್ಲಿ ಹಾಕಿ, ಅರಗು ಸುರಿದು, ಏಣಿಯ ಪಕ್ಕದ ನೀರುಬಾವಿಗೆ ಬಿಡುತ್ತಾರೆ. ಅದು ನೀವು ಚಿನ್ನ ತೆಗೆಯಲು ಕೊರೆದ ಅತಿ ಆಳದ ಸುರಂಗ, ಈಗ ನೀರು ತುಂಬಿದೆ. ಆ ನೀರು ಹಿಂದಿನ ಕಾಲಕ್ಕೆ ಹೋಗಿ ಸೇರುತ್ತದೆ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ನಿಜವೋ ಸುಳ್ಳೋ ಗೊತ್ತಿಲ್ಲ. ನಿಮಗೆ ಬರೆದ ಪತ್ರವನ್ನು ಬೇರೆಯವರು ಓದುವುದು ಅಗೌರವ, ಹಾಗಾಗಿ ಕೆಂಪು ಇಂಕಿನಿಂದ ಯಾರೂ ತಿದ್ದದ ಒಂದೇ ಒಂದು ಬರಹ ಇದು. ಮತ್ತೆ ಸಿಗದ ಚಾನ್ಸು. ಅದಕ್ಕೇ ಥ್ಯಾಂಕ್ಸ್ ಆಮೇಲೆ ಹೇಳುತ್ತೇನೆ, ಮೊದಲು ವಿಷಯ ಹೇಳುತ್ತೇನೆ. ನಾಳೆ ನಾನು ನನ್ನ ತಂಗಿ ದುರುಗಿಗೆ ನನ್ನ ಕೈಯಾರೆ ತುತ್ತು ಕೊಡಬೇಕು. ಆ ತುತ್ತು ಅವಳ ಕಾಲು ಕಿತ್ತುಕೊಳ್ಳುತ್ತದೆ ಎಂದು ನನಗೆ ಅನ್ನಿಸುತ್ತಿದೆ. ನನ್ನ ಹೊರತು ಯಾರಿಗೂ ಹಾಗೆ ಅನ್ನಿಸುತ್ತಿಲ್ಲ.

ನಾವು ಇರುವುದು ಒಳೂರಿನಲ್ಲಿ. ಮೇಲಿನ ಬಿಸಿಲು ಮನುಷ್ಯರಿಗೆ ಆಗದ ಮೇಲೆ ನಿಮ್ಮ ಗಣಿಯೊಳಗೆ ಇಳಿದು ಬಂದವರ ಸಂತಾನ ನಾವು. ಓಣಿಗಳು ಕಲ್ಲಿನ ಹೊಟ್ಟೆಯಲ್ಲಿ ಹಾದು ಹೋಗುತ್ತವೆ. ಗೋಡೆ ಯಾವಾಗಲೂ ಬೆವರುತ್ತಿರುತ್ತದೆ, ಬಟ್ಟೆ ಪೂರ್ತಿ ಒಣಗಿದ್ದು ಎಂದರೆ ಹೇಗಿರುತ್ತದೋ ನಾನು ನೋಡಿಲ್ಲ. ದೀಪದ ಕೆಳಗೆ ಸಜ್ಜೆ ಬೆಳೆಯುತ್ತೇವೆ, ಕತ್ತಲಲ್ಲಿ ಅಣಬೆ. ನಡುವೂರಲ್ಲಿ ಗಾಳಿಪಂಪು ಉಸಿರಾಡುತ್ತದೆ, ಅದು ಕೆಮ್ಮಿದರೆ ಇಡೀ ಊರು ಮಾತು ನಿಲ್ಲಿಸಿ ಕಿವಿಗೊಡುತ್ತದೆ. ಇಕ್ಕಟ್ಟಿನಲ್ಲಿ ಬದುಕುವವರಿಗೆ ಬರುವ ಎಲ್ಲ ರೋಗಗಳೂ ನಮಗಿವೆ, ಆದರೆ ಎಲ್ಲಕ್ಕಿಂತ ಭಯ ಸೋಲುಗಾಲಿನದು. ಅದು ನೀರಿನಿಂದ, ಕೈಯಿಂದ, ಹಂಚಿಕೊಂಡ ತಟ್ಟೆಯಿಂದ ಹೊಟ್ಟೆಗೆ ಹೋಗುವ ಒಂದು ವೈರಸ್ಸು. ದೊಡ್ಡವರಿಗೆ ಹೆಚ್ಚೆಂದರೆ ಹೊಟ್ಟೆ ಕೆಡುತ್ತದೆ. ಮಕ್ಕಳಿಗಾದರೆ ಮೊದಲು ಜ್ವರ, ಆಮೇಲೆ ಒಂದು ಕಾಲು ಮಾತು ಕೇಳುವುದಿಲ್ಲ, ಆಮೇಲೆ ಇನ್ನೊಂದು. ಕೆಲವರಿಗೆ ಎದೆಯೂ ಸೋಲುತ್ತದೆ. ಉಳಿದವರಿಗೆ ಊರಿನ ಖರ್ಚಿನಲ್ಲಿ ಚಕ್ರ ಹಚ್ಚಿದ ಹಲಗೆ ಕೊಡುತ್ತಾರೆ. ನಮ್ಮ ಓಣಿಯ ಇಳಿಜಾರಿನಲ್ಲಿ ಆ ಹಲಗೆಗಳ ರೇಸ್ ನಡೆಯುತ್ತದೆ. ಗೆದ್ದವರಿಗೆ ಚಪ್ಪಾಳೆ, ಬಿದ್ದವರಿಗೆ ನಗು.

ಆ ವೈರಸ್ಸನ್ನು ನಾವು ತಾಯಿ ಎನ್ನುತ್ತೇವೆ. ನೀವು ಅವಳನ್ನು ಹಿಡಿದು, ಬೇರೆ ಪ್ರಾಣಿಗಳ ಜೀವಕೋಶದಲ್ಲಿ, ತಣ್ಣಗಿನ ಜಾಗದಲ್ಲಿ, ಮತ್ತೆ ಮತ್ತೆ ಬೆಳೆಸಿ ಬೆಳೆಸಿ ಸಾಧು ಮಾಡಿದಿರಿ. ಹಾಗೆ ಸಾಧುವಾದವಳು ಮಗಳು. ಅವಳೇ ಲಸಿಕೆ. ಅವಳಿಗೆ ಜೀವ ಇದೆ, ಹೊಟ್ಟೆಗೆ ಹೋಗಿ ಸಂಸಾರ ಹೂಡುತ್ತಾಳೆ, ಆದರೆ ಕಾಲಿನ ತಂಟೆಗೆ ಬರುವುದಿಲ್ಲ. ತಾಯಿಯ ಮೈಯನ್ನು ಅಕ್ಷರಗಳಲ್ಲಿ ಬರೆದರೆ ಏಳು ಸಾವಿರಕ್ಕಿಂತ ಹೆಚ್ಚು, ಮಗಳದ್ದೂ ಅಷ್ಟೇ, ಇಬ್ಬರಿಗೂ ವ್ಯತ್ಯಾಸ ಇಪ್ಪತ್ತೇ ಅಕ್ಷರ. ಈ ಇಪ್ಪತ್ತನ್ನು ನಾವು ಮಗ್ಗಿಯಂತೆ ದಿನಾ ಬೆಳಿಗ್ಗೆ ಸಾಲಾಗಿ ನಿಂತು ಹೇಳುತ್ತೇವೆ. ಎಷ್ಟನೇ ಜಾಗದಲ್ಲಿ ತಾಯಿಗೆ ಯಾವ ಅಕ್ಷರ, ಮಗಳಿಗೆ ಯಾವ ಅಕ್ಷರ. ತಪ್ಪಿದರೆ ಮೊಣಕಾಲಲ್ಲಿ ನಿಲ್ಲಬೇಕು. ಕೆಳಗಿಳಿದ ನಿಮ್ಮ ಕಾಲದವರಲ್ಲಿ ಯಾರೋ ಒಬ್ಬರು ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಕೊಂಡಿದ್ದರಂತೆ. ಪುಸ್ತಕಗಳು ಕೊಳೆತುಹೋದವು, ಬಾಯಿಪಾಠ ಉಳಿಯಿತು.

ಮಗಳಿರುವ ಬಾಟಲಿ ಊರಿಗೆಲ್ಲ ಒಂದೇ, ಶೀತಪೆಟ್ಟಿಗೆಯಲ್ಲಿದೆ. ಅದರಿಂದ ಎಲ್ಲ ಮಕ್ಕಳಿಗೂ ಕೊಡಲು ಹೋದರೆ ನಾಲ್ಕೇ ವರ್ಷಕ್ಕೆ ಮುಗಿಯುತ್ತದೆ. ಅದಕ್ಕೇ ಹಾಸ್ಟೆಲ್ ಇರುವುದು. ಪ್ರತಿ ಓಣಿಯಿಂದ ಒಂದು ಮಗುವನ್ನು ಹಾಲು ಬಿಡಿಸಿದ ಕೂಡಲೇ ತಂದು ಹಾಸ್ಟೆಲಿನಲ್ಲಿ ಹಾಕುತ್ತಾರೆ. ನಮಗೆ ಬೇರೆ ನೀರು, ಬೇರೆ ತಟ್ಟೆ. ಅಪ್ಪ ಅಮ್ಮನನ್ನು ನೋಡುವುದು ಜಾಲರಿಯ ಈ ಕಡೆಯಿಂದ. ಓದಿಸುತ್ತಾರೆ, ಇಂಗ್ಲಿಷ್ ಕಲಿಸುತ್ತಾರೆ, ಆದರೆ ಬೇಸಿಕಲಿ ನಮ್ಮ ಹೊಟ್ಟೆಯನ್ನು ಖಾಲಿ ಇಟ್ಟಿರುತ್ತಾರೆ, ಬಾಡಿಗೆ ಮನೆ ಖಾಲಿ ಇಟ್ಟ ಹಾಗೆ. ಕಾಲೇಜಿನ ಮೊದಲ ವರ್ಷ ಬಂದಾಗ ಒಬ್ಬೊಬ್ಬರ ನಾಲಿಗೆಗೂ ಬಾಟಲಿಯಿಂದ ಒಂದು ಹನಿ ಬೀಳುತ್ತದೆ. ಮಗಳು ನಮ್ಮೊಳಗೆ ಬೆಳೆಯುತ್ತಾಳೆ. ಹಬ್ಬದ ದಿನ ನಮ್ಮಲ್ಲಿ ಉತ್ತಮರು ಯಾರೋ ಅವರು ನಡುವೆ ಕೂತು, ಮೊಸರನ್ನ ಕಲೆಸಿ, ಸುತ್ತ ಕೂತ ಊರ ಮಕ್ಕಳ ಅಂಗೈಗೆ ತುತ್ತು ಹಾಕುತ್ತಾರೆ. ಅನ್ನ ಕಲೆಸುವ ಮೊದಲು ಕೈ ತೊಳೆಯುವಂತಿಲ್ಲ. ನಿಮಗೆ ಅಸಹ್ಯ ಅನ್ನಿಸಬಹುದು. ಮಗಳು ಮಕ್ಕಳ ಹೊಟ್ಟೆ ಸೇರುವುದು ಹಾಗೆಯೇ.

ಉತ್ತಮರು ಯಾರು ಎನ್ನುವುದಕ್ಕೇ ಪರೀಕ್ಷೆ. ಮಗಳು ನಮ್ಮ ಹೊಟ್ಟೆಯಲ್ಲಿದ್ದಾಗ ಸುಮ್ಮನಿರುವುದಿಲ್ಲ. ಒಂದೊಂದೇ ಅಕ್ಷರ ಬಿಟ್ಟು ತಾಯಿಯ ಅಕ್ಷರ ಹಾಕಿಕೊಳ್ಳುತ್ತಾಳೆ. ಇದನ್ನು ತವರಿಗೆ ಹೋಗುವುದು ಎನ್ನುತ್ತೇವೆ. ಹಬ್ಬ ಹತ್ತಿರ ಬಂದಾಗ ನಮ್ಮ ಬೆಳಗಿನ ಡಬ್ಬಿಗಳನ್ನು ಓದುಯಂತ್ರಕ್ಕೆ ಕೊಡುತ್ತಾರೆ. ಡಬ್ಬಿಯಲ್ಲಿ ಏನಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದ ಒಂದೊಂದು ಅಕ್ಷರಕ್ಕೂ ಐದು ಮಾರ್ಕ್ಸ್, ಒಟ್ಟು ನೂರು. ಮೂವತ್ತೈದು ಬಂದರೆ ಪಾಸು. ಇಪ್ಪತ್ತು ಪ್ರಶ್ನೆ, ಎಲ್ಲಕ್ಕೂ ಸಮಾನ ಅಂಕ. ಫೇಲಾದವರೊಳಗೆ ಇರುವುದು ಮಗಳಲ್ಲ, ತಾಯಿ ಎಂದು ಲೆಕ್ಕ. ಅವರನ್ನು ಮೆಟ್ಟಿಲಕೋಣೆಗೆ ಹಾಕಿ, ಕೈತುತ್ತು ಮುಗಿದ ಮೇಲೆ, ವರ್ಷಕ್ಕೊಮ್ಮೆ ತೆರೆಯುವ ಮೇಲ್ಬಾಗಿಲಿನಿಂದ ಮೇಲಕ್ಕೆ ಕಳಿಸುತ್ತಾರೆ. ಮೇಲೆ ಹೋದವರು ಯಾರೂ ತಿರುಗಿ ಬಂದಿಲ್ಲ. ಮರುದಿನ ಒಂದು ವಾಸನೆ ಮಾತ್ರ ಗಾಳಿಪಂಪಿನ ಜೊತೆ ಕೆಳಗೆ ಬರುತ್ತದೆ, ಆ ದಿನ ಮೆಸ್ಸಿನಲ್ಲಿ ಬೆಳ್ಳುಳ್ಳಿ ಒಗ್ಗರಣೆ ಜೋರಾಗಿರುತ್ತದೆ.

ಈ ವರ್ಷ ಫೇಲಾದವಳು ಒಬ್ಬಳೇ. ಹುಲಿಗೆಮ್ಮ, ನನ್ನ ರೂಮ್‌ಮೇಟ್. ನಾವೆಲ್ಲ ಹುಲಿ ಎನ್ನುತ್ತೇವೆ. ಅವಳ ಹದಿನಾಲ್ಕು ಅಕ್ಷರ ತವರಿಗೆ ಹೋಗಿವೆ, ಮೂವತ್ತೇ ಮಾರ್ಕ್ಸ್. ನನಗೆ ತೊಂಬತ್ತೈದು. ನನ್ನದು ಒಂದೇ ಒಂದು ಅಕ್ಷರ ಹೋಗಿದೆ, ಏಳನೆಯದು. ರಿಸಲ್ಟ್ ಓದಿದಾಗ ಹುಲಿ ನನ್ನನ್ನು ತಬ್ಬಿಕೊಂಡು, "ಏನಲೇ ಯಂಕಿ, ನಿನ್ನ ಹೊಟ್ಟಿಯೊಳಗ ವೈರಸ್ಸು ಕೂಡ ವಾರ್ಡನ್‌ಗೆ ಹೆದರಿ ಶಿಸ್ತಿಲೆ ಐತಿ" ಎಂದಳು. ಆಮೇಲೆ ಅವಳನ್ನು ಕರೆದೊಯ್ದರು. ಮೇಲಿನ ಕಲ್ಲು ಕಾಲು ಸುಡುತ್ತದೆ ಎಂದು ಕೇಳಿದ್ದೆ, ನನ್ನ ದಪ್ಪ ಚಪ್ಪಲಿ ಬಿಚ್ಚಿ ಅವಳಿಗೆ ಕೊಟ್ಟೆ. "ಮ್ಯಾಲ ಹೋಗಿ ವಾಪಸ್ ಕಳಿಸ್ತೀನಿ" ಎಂದು ನಕ್ಕಳು.

ಏಳರ ವಿಷಯ ಮೊದಲು ಎತ್ತಿದ್ದು ಅವಳೇ, ರಿಸಲ್ಟಿಗೂ ಮುಂಚೆ, ಅದೂ ತಮಾಷೆಗೆ. ಮೆಸ್ಸಿಗೆ ಹೋಗುವ ಸುರಂಗದ ಗೋಡೆಯ ಮೇಲೆ ಹಿಂದಿನ ವರ್ಷಗಳ ರ್‍ಯಾಂಕಿನವರ ಹೆಸರುಗಳಿವೆ. ಪ್ರತಿ ಹೆಸರಿನ ಕೆಳಗೆ ಅವರು ಕಳೆದುಕೊಂಡ ಅಕ್ಷರದ ಸಂಖ್ಯೆ ಕೆಂಪಿನಲ್ಲಿ. ಎಷ್ಟು ಕಡಿಮೆ ಕಳೆದುಕೊಂಡರು ಎನ್ನುವ ಹೆಮ್ಮೆಗೆ ಬರೆದದ್ದು. ನಾವು ತಟ್ಟೆ ಹಿಡಿದು ಕ್ಯೂನಲ್ಲಿ ನಿಂತಿದ್ದಾಗ ಜಾಲರಿಯಾಚೆ ಹಲಗೆಯ ಹುಡುಗರು ರೇಸ್ ಹೊರಟಿದ್ದರು. ಹುಲಿ ಅವರ ವಯಸ್ಸು ಕೇಳಿ, ಅವರು ತುತ್ತು ತಿಂದ ವರ್ಷ ಗೋಡೆಯಲ್ಲಿ ಹುಡುಕಿ, "ನೋಡಲೇ, ಏಳು ಹೋದ ವರ್ಷ ಹಲಗಿ ಬಡಿಗ್ಯಾಗ ಭರ್ಜರಿ ಬ್ಯಾಪಾರ" ಎಂದಳು. ನಾನು ನಗಲಿಲ್ಲ. ಮತ್ತೆ ಮತ್ತೆ ನೋಡಿದೆ. ಮೂರು ಹೋದ ವರ್ಷ ಏನೂ ಆಗಿರಲಿಲ್ಲ. ಹನ್ನೊಂದು, ಹದಿನೈದು, ಹದಿನಾರು ಒಟ್ಟಿಗೆ ಹೋದ ವರ್ಷವೂ ಮಕ್ಕಳು ನೆಟ್ಟಗೆ ಓಡಾಡುತ್ತಿದ್ದಾರೆ. ಏಳು ಕೆಂಪಾದ ವರ್ಷ ಮಾತ್ರ ಹಲಗೆ. ಹುಲಿಗೆ ಹೇಳಿದರೆ ಅವಳು ಅನ್ನ ಅಗಿಯುತ್ತಲೇ ಅಂದಳು, "ಬಾಗಿಲಿಗೆ ತೋರಣ ಕಟ್ಟಿರ್ತೀವಿ, ಅರಿಶಿನ ಬಳಿದಿರ್ತೀವಿ, ಮುಂದ ರಂಗೋಲಿ ಹಾಕಿರ್ತೀವಿ. ಚಿಲಕ ಒಂದೇ ಇರ್ತೈತಿ. ಕಳ್ಳ ರಂಗೋಲಿ ಅಳಿಸಿದ್ರ ಏನಾತು?" ಅಷ್ಟು ಹೇಳಿ ನನ್ನ ಉಪ್ಪಿನಕಾಯಿ ಎತ್ತಿಕೊಂಡಳು. ಅವಳಿಗೆ ಅದು ಆ ಹೊತ್ತಿನ ಮಾತು. ನಾನು ತಟ್ಟೆ ಬಿಟ್ಟು ಮತ್ತೆ ಗೋಡೆಯ ಹತ್ತಿರ ಹೋದೆ.

ಅಂದರೆ ತಾಯಿಗೂ ಮಗಳಿಗೂ ಇರುವ ಇಪ್ಪತ್ತು ವ್ಯತ್ಯಾಸದಲ್ಲಿ ಹತ್ತೊಂಬತ್ತು ಸುಮ್ಮನೆ ಜೊತೆಗೆ ಬಂದಂಥವು. ನೀವು ಅವಳನ್ನು ಸಾಧು ಮಾಡುವಾಗ ದಾರಿಯಲ್ಲಿ ಅಂಟಿಕೊಂಡಂಥವು. ಅವಳನ್ನು ಹಿಡಿದಿಟ್ಟಿರುವುದು ಒಂದೇ. ಹಿಡಿದಿಟ್ಟಿರುವುದರಿಂದಲೇ ಅದು ಅವಳಿಗೆ ಸಂಕಟ, ಹೆಚ್ಚಿನ ಸಲ ಮೊದಲು ಬಿಚ್ಚಿಕೊಳ್ಳುವುದೂ ಅದನ್ನೇ. ನಮ್ಮ ಬ್ಯಾಚಿನ ಗೋಡೆಪಟ್ಟಿ ನೋಡಿದೆ. ಪಾಸಾದವರೆಲ್ಲರಲ್ಲೂ ಏಳು ಹೋಗಿದೆ. ಸೆಕೆಂಡ್ ರ್‍ಯಾಂಕ್ ಸೂಗಪ್ಪನದು ಏಳೂ ಮೂರೂ ಹೋಗಿವೆ. ಏಳನ್ನು ಉಳಿಸಿಕೊಂಡವಳು ಒಬ್ಬಳೇ ಒಬ್ಬಳು, ಮೂವತ್ತು ಮಾರ್ಕ್ಸಿನ ಹುಲಿ. ರಂಗೋಲಿ ಮುಕ್ಕಾಲು ಅಳಿಸಿಹೋಗಿದೆ, ಚಿಲಕ ಹಾಕಿದೆ.

ಪ್ರಿನ್ಸಿಪಾಲ್ ಅಯ್ಯಾಳಪ್ಪ ಸರ್ ಹತ್ತಿರ ಹೋದೆ. ಅವರ ಆಫೀಸಿನ ಬಾಗಿಲಲ್ಲಿ ಗಂಟೆ ಹೊಡೆಯಲು ಹಲಗೆಯ ಮೇಲೆ ಕೂತಿರುವ ಅಡಿವೆಪ್ಪ ಅವರ ಖಾಸಾ ತಮ್ಮ. ಸರ್ ರ್‍ಯಾಂಕ್ ಬಂದ ವರ್ಷ ಅಡಿವೆಪ್ಪ ಅವರ ಕೈತುತ್ತು ತಿಂದಿದ್ದ. ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿದೆ. ಸರ್ ಪೂರ್ತಿ ಕೇಳಿದರು, ಅದೇ ಕಷ್ಟವಾಗಿದ್ದು. ಕೇಳಿ, "ತೊಂಬತ್ತೈದು ಬಂದವಳು ಫೇಲಾದವಳ ತರ ಮಾತಾಡ್ತಿದ್ದೀಯಲ್ಲಮ್ಮ. ಏಳನೇದಕ್ಕೆ ಜಾಸ್ತಿ ಮಾರ್ಕ್ಸ್ ಅಂದರೆ ಆರನೇದು ಏನು ಪಾಪ ಮಾಡಿತ್ತು?" ಎಂದರು. ನಾನು ಗೋಡೆ ನೋಡಿ ಸರ್ ಎಂದೆ. "ಗೋಡೆ ನೋಡಿದೀನಿ. ನನ್ನ ಹೆಸರಿನ ಕೆಳಗೂ ಏಳೇ ಇದೆ" ಎಂದು ಬಾಗಿಲ ಕಡೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು, "ಮಕ್ಕಳ ಕಾಲು ಹೋಗೋದು ತಾಯಂದಿರ ಅಜಾಗರೂಕತೆಯಿಂದ. ಹಾಗಂತ ಸಿಲೆಬಸ್‌ನಲ್ಲಿದೆ. ನಾಳೆ ನೀನು ಕೂರದಿದ್ದರೆ ಗೈರುಹಾಜರು. ಗೈರು ಅಂದರೆ ಫೇಲು. ಸೂಗಪ್ಪ ಕೂರ್ತಾನೆ." ಹೊರಗೆ ಅಡಿವೆಪ್ಪ ಗಂಟೆ ಹೊಡೆದ. ನನ್ನ ಭೇಟಿ ಮುಗಿಯಿತು.

ಮಧ್ಯಾಹ್ನ ಅಮ್ಮ ದುರುಗಿಯನ್ನು ಕರೆದುಕೊಂಡು ಜಾಲರಿಗೆ ಬಂದಿದ್ದಳು. ರ್‍ಯಾಂಕಿನ ಮನೆಯವರು ಎಂದು ಓಣಿಯವರು ಅವಳಿಗೆ ಕಾಗದದ ಹಾರ ಹಾಕಿದ್ದರು, ಅದನ್ನು ತೆಗೆದೇ ಇರಲಿಲ್ಲ. ದುರುಗಿಗೆ ಜ್ವರ ಅಂತ ಹೇಳಿ ನಾಳೆ ಮನೆಯಲ್ಲಿಟ್ಟುಕೋ ಎಂದೆ. ಅಮ್ಮ ನನ್ನ ಮುಖ ನೋಡಿ, "ಮಂದಿ ಏನಂದಾರು? ರ್‍ಯಾಂಕ್ ಬಂದಾಕಿ ತನ್ನ ತಂಗಿಗೇ ತುತ್ತು ಕೊಡಲಿಲ್ಲ ಅಂದ್ರ ನಾ ಓಣಿಯೊಳಗ ಹೆಂಗ ತಲಿ ಎತ್ತಲಿ? ಮುಂದಿನ ಸಾಲು ನಮಗ ಕೊಟ್ಟಾರ" ಎಂದಳು. ನಿನಗ ಮೊದಲಿಂದಲೂ ಟೆನ್ಶನ್ ಜಾಸ್ತಿ ಅಂತ ನನ್ನನ್ನು ಸಮಾಧಾನವನ್ನೂ ಮಾಡಿದಳು. ದುರುಗಿ ಎರಡೂ ಅಂಗೈ ಜೋಡಿಸಿ ಜಾಲರಿಗೆ ಒತ್ತಿ ಹಿಡಿದು ಪ್ರಾಕ್ಟೀಸ್ ಮಾಡುತ್ತಿದ್ದಳು. "ಅಕ್ಕಾ, ನನ್ನ ಕೈ ಸಣ್ಣದಂತ ಸಣ್ಣ ತುತ್ತು ಹಾಕಬ್ಯಾಡ. ಪಕ್ಕದ ಮನಿ ಮಲ್ಲಿಗಿಂತ ದೊಡ್ಡದು ಹಾಕು." ಜಾಲರಿಯ ಗುರುತು ಅವಳ ಅಂಗೈ ಮೇಲೆ ಚೌಕ ಚೌಕವಾಗಿ ಮೂಡಿತ್ತು.

ಇಷ್ಟು ಬರೆದು ನಿಲ್ಲಿಸುತ್ತೇನೆ. ಥ್ಯಾಂಕ್ಸ್ ಇನ್ನೂ ಹೇಳಿಲ್ಲ, ನೆನಪಿದೆ.

ಕೈತುತ್ತಿನ ಹಬ್ಬ, ಮೆಟ್ಟಿಲಕೋಣೆಯಿಂದ.

ಮುಂದಿನದನ್ನು ಬೇರೆ ಜಾಗದಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮೆ ಇರಲಿ. ಇಲ್ಲಿ ಮೇಲಿನ ಬಾಗಿಲ ಸಂದಿಯಿಂದ ಬಿಸಿ ಇಳಿಯುತ್ತದೆ. ನನ್ನ ಬಟ್ಟೆ ಒಣಗಿದೆ. ಮೊದಲ ಸಲ ಒಣಗಿದ ಬಟ್ಟೆ ನೋಡುತ್ತಿದ್ದೇನೆ, ಗರಿಗರಿಯಾಗಿ ಕಾಗದದ ಹಾಗೆ ಇದೆ.

ಬೆಳಿಗ್ಗೆ ಊರೆಲ್ಲ ದೊಡ್ಡ ಹಾಲ್‌ನಲ್ಲಿ ಸೇರಿತ್ತು. ಮಕ್ಕಳು ಸುತ್ತ ಕೂತಿದ್ದರು, ದುರುಗಿ ಮುಂದಿನ ಸಾಲಿನಲ್ಲಿ, ಹೊಸ ಫ್ರಾಕಿನಲ್ಲಿ. ಅಯ್ಯಾಳಪ್ಪ ಸರ್ ನನ್ನ ಹೆಸರು ಕರೆದರು. ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದಾಗ ನನಗೆ ಯಾವಾಗಲೂ ಮಾತು ಮರೆತುಹೋಗುತ್ತದೆ. ಇವತ್ತು ಮರೆಯಲಿಲ್ಲ. ಸರ್, ನಾನು ಮಾಲ್‌ಪ್ರಾಕ್ಟೀಸ್ ಮಾಡಿದ್ದೇನೆ ಎಂದೆ. ಡಬ್ಬಿ ಅದಲುಬದಲು ಮಾಡಿದೆ. ತೊಂಬತ್ತೈದು ಹುಲಿಯದು, ಮೂವತ್ತು ನನ್ನದು.

ಅದು ಸುಳ್ಳು, ಹಿರಿಯರೇ. ನಾನು ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಪಕ್ಕದವರ ಕಡೆ ತಿರುಗಿ ನೋಡಿದವಳಲ್ಲ. ಆದರೆ ಎರಡು ದಿನ ಕೂತು ಯೋಚಿಸಿ ನನಗೆ ಹೊಳೆದದ್ದು ಇದೊಂದೇ. ಇಪ್ಪತ್ತು ಅಕ್ಷರಕ್ಕೂ ಒಂದೇ ಬೆಲೆಯಲ್ಲ ಎಂದು ನಾನು ಎಷ್ಟು ಹೇಳಿದರೂ ಇವರು ನಂಬುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಕಾಪಿ ಹೊಡೆದಳು ಎಂದರೆ ಯಾರೂ ಸಾಕ್ಷಿ ಕೂಡ ಕೇಳುವುದಿಲ್ಲ. ಹಾಗೇ ಆಯಿತು. ವಾರ್ಡನ್ ಅಮರಮ್ಮ ಮೇಡಂ ಎದ್ದು ನಿಂತು, "ನನಗೆ ಮೊದಲೇ ಡೌಟ್ ಇತ್ತು, ಇಷ್ಟು ಪುಕ್ಕಲಿಗೆ ಅಷ್ಟು ಮಾರ್ಕ್ಸ್ ಹೇಗೆ ಅಂತ" ಎಂದರು. ಹುಲಿಯ ಕೈಬರಹ ಕೆಟ್ಟದೆಂದು ಇಬ್ಬರ ಡಬ್ಬಿಯ ಮೇಲೂ ಹೆಸರು ಬರೆದವಳು ನಾನೇ. ಅದು ನಿಜ, ಮೇಡಂಗೂ ಗೊತ್ತಿತ್ತು, ಅವರೇ ಎಲ್ಲರಿಗೂ ಜೋರಾಗಿ ಹೇಳಿದರು. ಇನ್ನೊಮ್ಮೆ ಯಂತ್ರದಲ್ಲಿ ಓದಿಸಿ ಎಂದು ಯಾರಾದರೂ ಅಂದಾರು ಎಂದು ನನಗೆ ಭಯವಿತ್ತು. ಮಾಲ್‌ಪ್ರಾಕ್ಟೀಸ್ ಕೇಸಿಗೆ ರೀವ್ಯಾಲ್ಯುಯೇಷನ್ ಇಲ್ಲ ಎಂದು ಅವರದೇ ನಿಯಮ. ಅಯ್ಯಾಳಪ್ಪ ಸರ್ ಒಬ್ಬರೇ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಅರ್ಥವಾಗಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಆಗಿದ್ದರೆ, ಹುಲಿಯನ್ನು ಕೆಳಗೆ ಕರೆಸಿ ಎಂದು ಅವರೇ ಹೇಳಿದ್ದಕ್ಕೆ ಅವರಿಗೆ ಥ್ಯಾಂಕ್ಸ್. ಅರ್ಥವಾಗಿಲ್ಲದಿದ್ದರೆ ಅದಕ್ಕೂ ಥ್ಯಾಂಕ್ಸ್.

ಅಮ್ಮ ಅಳಲಿಲ್ಲ. ಎದ್ದು ನಿಂತು, ಹಾರ ತೆಗೆದು, ಮಡಿಸಿ, ಮೇಡಂ ಕೈಗೆ ಕೊಟ್ಟು, "ಹಂಗಾದ್ರ ನಾವು ಎಷ್ಟನೇ ಸಾಲಿಗೆ ಹೋಗಬೇಕ್ರಿ?" ಎಂದು ಕೇಳಿದಳು. ಮೇಡಂ ಕೊನೆಯ ಸಾಲು ತೋರಿಸಿದರು. ದುರುಗಿಯನ್ನು ರಟ್ಟೆ ಹಿಡಿದು ಎಬ್ಬಿಸಿದಾಗ ಅವಳು, "ಅಕ್ಕ ಕಳ್ಳಿ ಏನವ್ವಾ?" ಎಂದು ಕೇಳಿದ್ದು ಹಾಲ್‌ನ ಆ ತುದಿಗೂ ಕೇಳಿಸಿತು. ಕಲ್ಲಿನ ಹಾಲ್ ಅದು, ಮೆಲ್ಲಗೆ ಆಡಿದ್ದೂ ದೊಡ್ಡದಾಗಿ ಕೇಳಿಸುತ್ತದೆ. ಅಮ್ಮ ಹೂಂ ಎಂದಳು. ಕೊನೆಯ ಸಾಲಿಗೂ ತುತ್ತು ಬರುತ್ತದೆ. ನಾನು ಅದನ್ನಷ್ಟೇ ನೆನೆಸಿಕೊಂಡೆ.

ನನ್ನನ್ನು ಮೇಲೆ ಕರೆತರುವಾಗ ಹುಲಿ ಇಳಿದು ಬರುತ್ತಿದ್ದಳು. ಮೆಟ್ಟಿಲು ಒಬ್ಬರಿಗಷ್ಟೇ ಅಗಲ, ಮೈ ತಾಗಿಸಿಕೊಂಡೇ ದಾಟಬೇಕು. ನನಗೊಂದು ಆಸೆ ಇತ್ತು. ಚಿಲಕದ ಮಾತು ಆಡಿದವಳು ಅವಳೇ ಅಲ್ಲವಾ, ನನ್ನ ಮುಖ ನೋಡಿದರೆ ಸಾಕು, ಅವಳಿಗೆ ತಿಳಿಯುತ್ತದೆ ಅಂದುಕೊಂಡಿದ್ದೆ. ಅವಳ ತುಟಿ ಒಡೆದಿತ್ತು. "ಇಲ್ಲಿ ಕೂತು ನಿನ್ನ ಮಾರ್ಕ್ಸಿಗೆ ಖುಷಿಪಟ್ಟೆನಲ್ಲಲೇ" ಎಂದಳು. "ಸಾಯ್ತೀನಿ ಅಂತ ಗೊತ್ತಿದ್ರೂ ಯಂಕಿ ಬದುಕ್ತಾಳ ಅಂತ ಖುಷಿಪಟ್ಟೆ. ನನ್ನ ಡಬ್ಬಿ ಮ್ಯಾಲ ನೀ ನಿನ್ನ ಹೆಸರು ಬರಿಯೋವಾಗ ಕೈ ನಡುಗಲಿಲ್ಲೇನು? ಎಲ್ಲಾದಕ್ಕೂ ನಡುಗ್ತದಲ್ಲ ನಿನ್ನ ಕೈ?" ಹಿಂದೆಯೂ ಮುಂದೆಯೂ ಕಾವಲಿನವರಿದ್ದರು. ಬಾಯಿ ಬಿಟ್ಟರೆ ಎಲ್ಲ ಕೆಡುತ್ತಿತ್ತು, ಅವಳೂ, ದುರುಗಿಯೂ. ನಾನು ಗೋಡೆಗೆ ಒರಗಿ ದಾರಿ ಬಿಟ್ಟೆ. ಅವಳು ನನ್ನ ಕಾಲ ಹತ್ತಿರ ಉಗುಳಿ ಇಳಿದು ಹೋದಳು. ನನ್ನ ಚಪ್ಪಲಿ ಅವಳ ಕಾಲಲ್ಲೇ ಇತ್ತು. ಅವಳು ಕೊಡಲಿಲ್ಲ, ನಾನು ಕೇಳಲಿಲ್ಲ. ಒಂದು ಮಾತ್ರ ಸಮಾಧಾನ, ಮೆಟ್ಟಿಲಕೋಣೆಯಲ್ಲಿ ನೀರಿಲ್ಲ, ಅವಳು ಕೈ ತೊಳೆದಿರಲಾರಳು.

ಈಗ ಕೆಳಗೆ ಅಡಿವೆಪ್ಪ ಗಂಟೆ ಹೊಡೆದ. ತುತ್ತು ಶುರುವಾಗಿದೆ. ಅದು ಮುಗಿದ ಮೇಲೆ ನನ್ನ ಬಾಗಿಲು.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನೀವು ಪರೀಕ್ಷೆಯಲ್ಲಿ ತಾಯಿ ವೈರಸ್ಸಿಗೂ ಲಸಿಕೆಗೂ ವ್ಯತ್ಯಾಸಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಪಾಯಿಂಟ್ ಹಾಕಿ ಬರೆಯುತ್ತೀರಲ್ಲ, ಎಲ್ಲವನ್ನೂ ಒಂದೇ ಸಮ ಬರೆಯಬೇಡಿ. ಯಾವುದು ಚಿಲಕವೋ ಅದನ್ನು ಮೊದಲು ಬರೆದು ಕೆಳಗೆ ಗೆರೆ ಎಳೆಯಿರಿ. ಗೆರೆಗೆ ಮಾರ್ಕ್ಸ್ ಬರುವುದಿಲ್ಲ, ಗೊತ್ತು. ಆದರೂ ಎಳೆಯಿರಿ. ಬಾಯಿಪಾಠ ಮಾಡುವವರಿಗೆ ಆ ಗೆರೆಯೂ ಬಾಯಿಗೆ ಬರುವಂತೆ ಹೇಳಿಕೊಡಿ. ನಿಮ್ಮ ಪರೀಕ್ಷೆ ಮುಗಿದ ಎಷ್ಟೋ ಕಾಲದ ಮೇಲೆ ನಿಮ್ಮ ಉತ್ತರಪತ್ರಿಕೆಯಲ್ಲಿ ನಾವು ವಾಸ ಮಾಡಬೇಕಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರಿಗೂ ಹೇಳಿಲ್ಲ. ನಾನು ನೋಡಿದ್ದು ಗೋಡೆಯ ಮೇಲಿನ ಕೆಲವು ಹೆಸರು, ಓಣಿಯ ಕೆಲವು ಹಲಗೆ. ಅಷ್ಟನ್ನೇ ನಂಬಿ, ಹದಿನಾಲ್ಕು ಅಕ್ಷರ ತಾಯಿಯದೇ ಆಗಿರುವ ವೈರಸ್ಸನ್ನು ಊರಿನ ಎಲ್ಲ ಮಕ್ಕಳ ಬಾಯಿಗೆ ನಾನೇ ಕಳಿಸಿದ್ದೇನೆ. ಚಿಲಕ ಏಳನೆಯದಾಗಿರದೆ, ಹುಲಿ ಕಳೆದುಕೊಂಡ ಹದಿನಾಲ್ಕರಲ್ಲಿ ಇನ್ನೊಂದು ಯಾವುದೋ ಆಗಿದ್ದರೆ? ಗೋಡೆಯ ಮೇಲೆ ಎಂದೂ ಕೆಂಪಾಗದ ಅಕ್ಷರಗಳೂ ಇದ್ದವು. ನಾಲ್ಕನೆಯದು ಒಮ್ಮೆಯೂ ಕೆಂಪಾಗಿಲ್ಲ. ಹುಲಿಯದು ಆ ನಾಲ್ಕನೆಯದೂ ಹೋಗಿದೆ. ಇದು ಹಾಲ್‌ನಲ್ಲಿ ಎದ್ದು ನಿಂತಾಗ ನೆನಪಿಗೆ ಬಂದಿರಲಿಲ್ಲ, ಇಲ್ಲಿ ಬಂದು ಕೂತ ಮೇಲೆ ಬಂತು. ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದ ಮೇಲೆ ನನಗೆ ಯಾವಾಗಲೂ ಹೀಗೆಯೇ ಆಗುತ್ತದೆ. ಆದರೆ ಈ ಸಲ ರಿಸಲ್ಟ್ ದಿನ ನಾನು ಇರುವುದಿಲ್ಲ.

ಲಸಿಕೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಮನಸ್ಸಿನಿಂದ ಹೇಳುತ್ತಿದ್ದೇನೆ.

ಬಾಗಿಲ ಬೋಲ್ಟು ತೆಗೆಯುವ ಸದ್ದಾಗುತ್ತಿದೆ. ಏಣಿ ಹತ್ತಲು ಎರಡೂ ಕೈ ಬೇಕು, ಅದಕ್ಕೇ ಈ ಕೋಣೆಯಿಂದ ಹೊರಗೆ ಏಣಿಯ ಬುಡಕ್ಕೆ ಕರೆದೊಯ್ದಾಗ, ಹತ್ತುವ ಮೊದಲು ಇದನ್ನು ನಾನೇ ಪಕ್ಕದ ಬಾವಿಯ ನೀರಿಗೆ ಬಿಡುತ್ತೇನೆ. ನಿಮ್ಮ ಹತ್ತಿರ ಪುಸ್ತಕಗಳು ಇನ್ನೂ ಕೊಳೆತಿಲ್ಲ. ದಯವಿಟ್ಟು ಒಂದು ಸಲ ತೆಗೆದು ನೋಡಿ.

ಏಳನೆಯದೇ ತಾನೆ?

ಇಂತಿ,
ಯಂಕಮ್ಮ
ಮೊದಲ ವರ್ಷ, ಡಿಬಾರ್ ಆದವಳು